ಬಕೆಟ್ಟಿನ ತಳದ ಮರಳು

"ಮೋಸ ಕಣಯ್ಯ, ಹಾಡುಹಗಲಲ್ಲೇ ಮೋಸ! ಗೊಬ್ಬರಕ್ಕೆ ಮರಳು ಬೆರ್ಸವ್ರೆ!"

ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದವನಿಗೆ ಬೇಲಿಯಾಚೆಯಿಂದ ಕೇಳಿಸಿದ ಸುಪ್ರಭಾತ ಇದು. ಪಕ್ಕದ ಮನೆ ಗೌಡರು ಕುಕ್ಕರಗಾಲಲ್ಲಿ ಕೂತು ಬಕೆಟ್ಟಿಗೆ ಕೋಲು ಹಾಕಿ ಗರಗರ ತಿರುವುತ್ತಿದ್ದರು. ಬಕೆಟ್ಟು ನನ್ನದು, 15 ಲೀಟರಿನದು, ಎರವಲು ಹೋಗಿ ತಿಂಗಳಾಗಿತ್ತು. ಅದರ ಯೋಗಕ್ಷೇಮವೂ ತಿಳಿದಂತಾಯಿತು.

ವಿಷಯ ಇಷ್ಟೆ. ಗೌಡರು ಹೊಗೆಸೊಪ್ಪು ನಾಟಿ ಮಾಡಿದ್ದಾರೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಈ ಬೆಳೆ ಇಟ್ಟವರಿಗೆಲ್ಲ ಗೊತ್ತು, ಇದಕ್ಕೆ ಪೊಟ್ಯಾಷ್ ಬೇಕೇ ಬೇಕು, ಆದರೆ ಅಗ್ಗದ ಎಂಒಪಿ, ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಆಗಿಬರುವುದಿಲ್ಲ. ಅದರ ಕ್ಲೋರೈಡ್ ಎಲೆಗೆ ಸೇರಿದರೆ ಎಲೆ ತೇವ ಎಳೆದುಕೊಳ್ಳುತ್ತದೆ, ಬೆಂಕಿ ತಾಗಿಸಿದರೆ ನೆಟ್ಟಗೆ ಉರಿಯುವುದಿಲ್ಲ. ಹಾಗಾಗಿ ದುಬಾರಿಯಾದರೂ ಎಸ್‌ಒಪಿ, ಅಂದರೆ ಪೊಟ್ಯಾಸಿಯಂ ಸಲ್ಫೇಟ್. ಅದನ್ನು 5 ಕೆಜಿ ಬಕೆಟ್ಟಿಗೆ ಸುರಿದು ಕರಗಿಸಿ, ಆ ಗಟ್ಟಿನೀರನ್ನು 200 ಲೀಟರ್ ಡ್ರಮ್ಮಿಗೆ ಸೇರಿಸಿ, ಚೊಂಬಿನಲ್ಲಿ ಸಸಿಗಳ ಬುಡಕ್ಕೆ ಹೊಯ್ಯುವುದು ಗೌಡರ ಯೋಜನೆ. ಅರ್ಧ ಗಂಟೆ ತಿರುವಿದರೂ ತಳದಲ್ಲಿ ಬಿಳಿ ರಾಶಿ ಹಾಗೇ ಕೂತಿದೆ.

"ಯೂರಿಯಾ ಆಗಿದ್ರೆ ಇಷ್ಟೊತ್ಗೆ ಮಾಯ ಆಗಿರೋದು."

ಅದೇನೋ ನಿಜ. ಒಂದು ಲೀಟರ್ ನೀರು ಹತ್ತಿರ ಹತ್ತಿರ ಒಂದು ಕೆಜಿ ಯೂರಿಯಾ ನುಂಗುತ್ತದೆ. ಕರಗುವಾಗ ಯೂರಿಯಾ ನೀರಿನ ಬಿಸಿಯನ್ನೂ ಎಳೆದುಕೊಳ್ಳುವುದರಿಂದ ಬಕೆಟ್ಟಿನ ಮೈ ತಣ್ಣಗಾಗಿ ಬೆವರುತ್ತದೆ. ಅಡುಗೆ ಉಪ್ಪು ಲೀಟರಿಗೆ 360 ಗ್ರಾಂ, ಎಂಒಪಿ 340. ಎಸ್‌ಒಪಿ ಮಾತ್ರ ಜುಗ್ಗ, ತಣ್ಣೀರಿನಲ್ಲಿ ಲೀಟರಿಗೆ 110ರಿಂದ 120 ಗ್ರಾಂ ಕರಗಿದರೆ ಹೆಚ್ಚು. ಹದಿನೈದು ಲೀಟರಿಗೆ ಲೆಕ್ಕ ಹಾಕಿದರೆ ಒಂದೂಮುಕ್ಕಾಲು ಕೆಜಿ. ಉಳಿದ ಮೂರೂಕಾಲು ಕೆಜಿ ಎಲ್ಲಿಗೆ ಹೋಗಬೇಕು?

"ಇನ್ನೂ ಜೋರಾಗಿ ತಿರುವ್ತೀನಿ ಬಿಡು."

ತಿರುವಿದರೆ ಬೇಗ ಕರಗುತ್ತದೆ ಗೌಡರೇ, ಹೆಚ್ಚು ಕರಗುವುದಿಲ್ಲ. ಕುಟ್ಟಿ ಪುಡಿ ಮಾಡಿದರೂ ಅಷ್ಟೆ. ಕೋಟೆಯಿಂದ ಮೈಸೂರಿಗೆ ಹೋಗುವ ಬಸ್ಸನ್ನು ನೆನೆಸಿಕೊಳ್ಳಿ ಎಂದು ಶುರು ಮಾಡಿದವನು ನಾಲಗೆ ಕಚ್ಚಿಕೊಂಡೆ. ಆ ಬಸ್ಸಿಗೆ ಮಿತಿ ಎಲ್ಲಿದೆ? ಕಂಡಕ್ಟರ್ "ಒಳಕ್ಕೋಗಿ" ಎಂದಷ್ಟೂ ಜನ ಹಿಡಿಸುತ್ತಾರೆ. ನೀರು ಹಾಗಲ್ಲ. ಒಂದು ಹಂತ ಮುಟ್ಟಿದ ಮೇಲೆ ತಳದಿಂದ ಎಷ್ಟು ಕಣ ಎದ್ದು ಹೋಗುತ್ತವೋ ಅಷ್ಟೇ ಕಣ ವಾಪಸು ಬಂದು ಕೂರುತ್ತವೆ. ಸಂಜೆತನಕ ತಿರುವಿದರೂ ನೋಯುವುದು ರಟ್ಟೆ.

ಅಷ್ಟರಲ್ಲಿ ಹಲಸಿನಹಣ್ಣು ಬಿಡಿಸುತ್ತಿದ್ದ ಗೌಡತಿಯೂ ಬೇಲಿ ಹತ್ತಿರ ಬಂದರು. ಅವರ ಅಂಗೈಗೆ ಕೊಬ್ಬರಿ ಎಣ್ಣೆ ಬಳಿದಿತ್ತು. ನನಗೆ ಬೇಕಾದ ಪಾಠ ಅವರ ಕೈಯಲ್ಲೇ ಇತ್ತು. ಹಲಸಿನ ಮೇಣ ನೀರಿಗೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ನೀರಿನ ಅಣುವಿಗೆ ಒಂದು ತುದಿಯಲ್ಲಿ ಧನ, ಇನ್ನೊಂದು ತುದಿಯಲ್ಲಿ ಋಣ. ಉಪ್ಪಿನಂಥ ವಿದ್ಯುದಾವೇಶದ ಕಣ ಸಿಕ್ಕರೆ ಸುತ್ತ ಮುತ್ತಿಕೊಂಡು ಹರಳಿನಿಂದ ಕಿತ್ತುಕೊಂಡು ಬರುತ್ತದೆ. ಮೇಣದಲ್ಲಿ ಅಂಥ ಹಿಡಿ ಇಲ್ಲ, ಅದರ ನೆಂಟಸ್ತಿಕೆ ಎಣ್ಣೆಯ ಜೊತೆಗೇ. ಇನ್ನು ಸಲ್ಫೇಟಿಗೆ ಕ್ಲೋರೈಡಿನ ಎರಡರಷ್ಟು ಆವೇಶ. ಹರಳಿನೊಳಗೆ ಪೊಟ್ಯಾಸಿಯಮ್ಮನ್ನು ಬಿಗಿಯಾಗಿ ತಬ್ಬಿರುತ್ತದೆ, ಬಿಡಿಸಲು ನೀರು ಹೆಣಗಬೇಕು.

"ಹಂಗಾರೆ ಬಿಸ್ನೀರು ಹಾಕಾನ?"

ಹಾಕಬಹುದು. ಕುದಿನೀರಾದರೆ ಲೀಟರಿಗೆ 240 ಗ್ರಾಂ ಹಿಡಿಯುತ್ತದೆ, ಆದರೂ ನಿಮ್ಮ ಐದು ಕೆಜಿ ಪೂರ್ತಿ ಆಗದು, ಆರಿದ ಮೇಲೆ ಹೆಚ್ಚಾದದ್ದು ಮತ್ತೆ ಹರಳುಗಟ್ಟಿ ತಳ ಸೇರುತ್ತದೆ. ಸಕ್ಕರೆಯ ವಿಚಾರವೇ ಬೇರೆ. ತಣ್ಣೀರಲ್ಲಿ ಲೀಟರಿಗೆ ಎರಡು ಕೆಜಿ, ಕುದಿನೀರಲ್ಲಿ ಸುಮಾರು ಐದು ಕೆಜಿ. ಪಾಕ ಆರಿಸಿ ಕಲ್ಲುಸಕ್ಕರೆ ಕಟ್ಟುವವರು ಬದುಕುವುದೇ ಈ ವ್ಯತ್ಯಾಸದ ಮೇಲೆ. ಉಪ್ಪು ಮಾತ್ರ ಬಿಸಿಗೂ ಅಷ್ಟೆ, ತಣ್ಣಗೂ ಅಷ್ಟೆ, 360 ಇದ್ದದ್ದು 390 ಆಗುತ್ತದೆ.

ಗೌಡತಿ ಸುಮ್ಮನೆ ಬಿಡುವವರಲ್ಲ. "ಬಿಸೀಗೆ ಜಾಸ್ತಿ ಕರಗೋದಾದ್ರೆ ನಮ್ಮ ಬಚ್ಚಲ ಹಂಡೆ ಒಳ್ಗೆ ಬಿಳೀ ಪೊರೆ ಯಾಕೆ ಕಟ್ಕಂಡದೆ?"

ನಾನು ಲೋಟ ಕೆಳಗಿಟ್ಟೆ. ಇಂಥ ಪ್ರಶ್ನೆ ಪಾಠ ಕೇಳಿದವರಿಂದ ಬರುವುದಿಲ್ಲ, ಹಂಡೆ ಉಜ್ಜಿದವರಿಂದ ಬರುತ್ತದೆ. ಬೋರ್‌ವೆಲ್ ನೀರು ನೆಲದೊಳಗೆ ಸುಣ್ಣ ಕರಗಿಸಿಕೊಂಡು ಬಂದಿರುವುದು ತನ್ನೊಳಗಿನ ಇಂಗಾಲದ ಡೈಆಕ್ಸೈಡಿನ ಬಲದಿಂದ. ಕಾಯಿಸಿದರೆ ಆ ಅನಿಲ ಹಾರಿಹೋಗುತ್ತದೆ. ಆಸರೆ ತಪ್ಪಿದ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಹಂಡೆಗೆ ಅಂಟುತ್ತದೆ. ಅನಿಲಗಳ ಸ್ವಭಾವವೇ ತಿರುಗಾಮುರುಗಾ, ತಣ್ಣೀರಿದ್ದರೆ ಇರುತ್ತವೆ, ಬಿಸಿಯಾದರೆ ಗಂಟುಮೂಟೆ ಕಟ್ಟುತ್ತವೆ. ಬಿಸಿಲಲ್ಲಿಟ್ಟ ಗೋಲಿ ಸೋಡಾ ಒಡೆದಾಗ ಅರ್ಧ ಅಂಗಿಗೆ ಹಾರುವುದು ಅದಕ್ಕೇ. ಬೇಸಿಗೆಯಲ್ಲಿ ಕೆರೆ ಮೀನು ಬಾಯಿ ಮೇಲೆತ್ತಿ ಏದುಸಿರು ಬಿಡುವುದಕ್ಕೂ ಇದೊಂದು ಕಾರಣ. ಹತ್ತಿರ ಹತ್ತಿರ ಹೆಪ್ಪುಗಟ್ಟುವ ನೀರಿನಲ್ಲಿ ಲೀಟರಿಗೆ 14 ಮಿಲಿಗ್ರಾಂ ದಾಟುವ ಆಮ್ಲಜನಕ, 30 ಡಿಗ್ರಿಗೆ ಏಳೂವರೆಗೆ ಇಳಿದಿರುತ್ತದೆ.

ಗೌಡತಿ ತಲೆಯಾಡಿಸಿ, ಎರಡು ತೊಳೆ ಕೊಟ್ಟು ಒಳಗೆ ಹೋದರು. ಗೌಡರಿಗೆ ಮಾತ್ರ ಸಮಾಧಾನವಿಲ್ಲ. ತಳದ ರಾಶಿಯನ್ನು ಡ್ರಮ್ಮಿನ 200 ಲೀಟರಿಗೆ ಸುರಿದುಬಿಡಿ, ಅಷ್ಟು ನೀರು 20 ಕೆಜಿಗೂ ಮೇಲೆ ಕರಗಿಸುತ್ತದೆ ಎಂದರೆ ಕೇಳಲಿಲ್ಲ. ಅದರಲ್ಲೊಂದು ಬೊಗಸೆ ತೆಗೆದು ಬೇಲಿ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಗುಡ್ಡೆ ಹಾಕಿದರು. "ಸಾಕ್ಷಿ ಇದು. ನಾಳೆ ಅಂಗಡಿಯವನ ಮುಖಕ್ಕೆ ಹಿಡೀತೀನಿ."

ರಾತ್ರಿ ಜೋರು ಮಳೆ.

ಬೆಳಿಗ್ಗೆ ನಾನು ಹಿತ್ತಲಿಗೆ ಬರುವಷ್ಟರಲ್ಲಿ ಗೌಡರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ನನ್ನ ಸಾಕ್ಷಿ ಎತ್ತಿಟ್ಟಿದ್ದು ನೀನೇ ತಾನೆ?"

ನಾನು ಮಾತಾಡದೆ ಬೇಲಿ ಸಂದಿಯಲ್ಲಿ ಕೈ ತೂರಿಸಿ ಚಪ್ಪಡಿ ಸವರಿದೆ. ಒಂದು ಕಾಳು ಮರಳೂ ಕೈಗೆ ಹತ್ತಲಿಲ್ಲ.