ಬಾಲಪ್ರಮಾಣ ಮೀಮಾಂಸೆ: ಆಮದುದಾರರು ದೇಶ ಬದಲಿಸುವ ಕುರಿತು ಒಂದು ಅಲ್ಪ ಸಂಶೋಧನೆ

ವಿಜಯನಗರದ ಬಗ್ಗೆ ಇದುವರೆಗೆ ಬಂದಿರುವ ಗ್ರಂಥಗಳನ್ನು ಒಂದರ ಮೇಲೊಂದು ಪೇರಿಸಿದರೆ ಮಾತಂಗ ಬೆಟ್ಟದ ಮೊಣಕಾಲಿಗಾದರೂ ಬಂದಾವು. ಅವುಗಳಲ್ಲಿ ದೇವಾಲಯಗಳಿವೆ, ದಂಡಯಾತ್ರೆಗಳಿವೆ, ರಾಯರ ರಾಣಿಯರ ಹೆಸರುಗಳಿವೆ. ಆದರೆ ಹೊಸಪೇಟೆಯ ಫ್ಯಾನ್ಸಿ ಸ್ಟೋರೊಂದರ ಸಾಹುಕಾರರು ಈಚೆಗೆ ಚೀನಾವನ್ನು ಬಿಟ್ಟು ವಿಯೆಟ್ನಾಮಿನಿಂದ ಕೂದಲ ಕ್ಲಿಪ್ಪು ತರಿಸತೊಡಗಿದ್ದರ ಐತಿಹಾಸಿಕ ಹಿನ್ನೆಲೆಯನ್ನು ಯಾವ ವಿದ್ವಾಂಸರೂ ಮುಟ್ಟಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಇದಕ್ಕೆ ಯಾವ ಅನುದಾನವೂ ಸಿಕ್ಕಿಲ್ಲವಾದ್ದರಿಂದ ವಿಷಯಾಂತರ ಮಾಡುವ ಪೂರ್ಣ ಸ್ವಾತಂತ್ರ್ಯ ಪ್ರಬಂಧಕಾರನಿಗಿದೆ.

ಪೂರ್ವಪಕ್ಷದವರು ಹೇಳುವುದಿಷ್ಟು: ಒಂದೇ ದೇಶವನ್ನು ನಂಬಬಾರದು, ಸರಕಿನ ಮೂಲಗಳು ಹಲವಿರಬೇಕು ಎಂಬ ಬುದ್ಧಿ ಕೊರೊನಾ ಬಂದ ಮೇಲೆ ಹುಟ್ಟಿದ್ದು. ಇದು ಹಂಪಿಗೆ ಮಾಡುವ ಅವಮಾನ. ಹಜಾರರಾಮ ದೇವಾಲಯದ ಪೌಳಿಗೋಡೆಯ ಹೊರಮೈಯನ್ನು ನೋಡಿ ಬನ್ನಿ. ಆನೆಗಳ ಸಾಲಿನ ಮೇಲೆ ಕುದುರೆಗಳ ಸಾಲಿದೆ. ಲಗಾಮು ಹಿಡಿದು ನಡೆಸುತ್ತಿರುವವರಲ್ಲಿ ಪರದೇಶಿಗಳೂ ಇದ್ದಾರೆ. ಕಲಾ ಇತಿಹಾಸಕಾರರು ಇದನ್ನು ಮೆರವಣಿಗೆ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಡೆಲಿವರಿ.

ಒಳ್ಳೆಯ ಯುದ್ಧದ ಕುದುರೆ ನಮ್ಮ ಹವೆಯಲ್ಲಿ ಬೆಳೆಯದು. ಅರೇಬಿಯಾ, ಪರ್ಷಿಯಾಗಳ ಮಾಲು ಹಡಗಿನಲ್ಲಿ ಭಟ್ಕಳ, ಹೊನ್ನಾವರಗಳಲ್ಲಿ ಇಳಿದು ಘಟ್ಟ ಹತ್ತಿ ಬರಬೇಕಿತ್ತು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಅಲ್ಲಿಂದ ಮುಂದೆ ಕುದುರೆ ಅರಬಿಯದಾದರೂ ಸರಿ, ಪಾರಸಿಯದಾದರೂ ಸರಿ, ಮಾತಾಡಬೇಕಾದ್ದು ಪೋರ್ಚುಗೀಸರ ಹತ್ತಿರ. ಇಲ್ಲಿಂದ ನಮ್ಮ ಮೊದಲ ಸಿದ್ಧಾಂತ ಹೊರಡುತ್ತದೆ: ಸರಕಿನ ಊರು ಎಷ್ಟೇ ಬದಲಾಗಲಿ, ಬಂದರಿನಲ್ಲಿ ಕೂತವನು ಬದಲಾಗುವುದಿಲ್ಲ. 1547ರ ಒಪ್ಪಂದದಲ್ಲಿ ಗೋವೆಗೆ ಬಂದ ಕುದುರೆಗಳೆಲ್ಲ ವಿಜಯನಗರಕ್ಕೇ, ಬಿಜಾಪುರಕ್ಕೆ ಒಂದೂ ಇಲ್ಲ ಎಂದು ಪೋರ್ಚುಗೀಸರು ಮಾತು ಕೊಟ್ಟರು. ಮರುವರ್ಷವೇ ಬಿಜಾಪುರದೊಂದಿಗೂ ಕೈ ಕುಲುಕಿದರು. ಸೋಲ್ ಏಜೆನ್ಸಿಯ ಇತಿಹಾಸ ಬರೆಯುವವರು ಇಲ್ಲಿಂದ ಶುರುಮಾಡಬಹುದು. ಹೊಸಪೇಟೆಯ ಸಾಹುಕಾರರಿಗೂ ಚೀನಾದ ಮಾಲನ್ನು ಬಿಡಿಸಿಕೊಡುತ್ತಿದ್ದ ಚೆನ್ನೈನ ಕ್ಲಿಯರಿಂಗ್ ಏಜೆಂಟೇ ಈಗ ವಿಯೆಟ್ನಾಮಿನದನ್ನೂ ಬಿಡಿಸಿಕೊಡುತ್ತಾನೆ. ಅವನ ಕಮಿಷನ್ನಿಗೆ ದೇಶಭೇದವಿಲ್ಲ.

ಈಗ ಮುಖ್ಯ ಪ್ರಮೇಯಕ್ಕೆ ಬರೋಣ. 1535ರ ಆಸುಪಾಸಿನಲ್ಲಿ ವಿಜಯನಗರದಲ್ಲಿದ್ದು ಅದರ ಇತಿಹಾಸ ಬರೆದಿಟ್ಟ ಪೋರ್ಚುಗೀಸ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ಆದ್ದರಿಂದ ಕುದುರೆಯ ಬೆಲೆಯ ವಿಚಾರದಲ್ಲಿ ಅವನನ್ನು ನಂಬಬಹುದು, ಗುಣದ ವಿಚಾರದಲ್ಲಿ ಬೇಡ. ಅವನು ಹೇಳುವಂತೆ ಹಿಂದಿನ ಅರಸ ಸಾಳುವ ನರಸಿಂಹನು, ಕುದುರೆ ಸತ್ತಿರಲಿ ಬದುಕಿರಲಿ, ಮೂರಕ್ಕೆ ಸಾವಿರ ಪರ್ದಾವು (ಆಗಿನ ಚಿನ್ನದ ನಾಣ್ಯ) ಕೊಡುತ್ತಿದ್ದ. ಸಮುದ್ರದಲ್ಲೇ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಯ ಲೆಕ್ಕದಲ್ಲೇ ಹಣ.

ಈ ಬಾಲದ ಮೇಲೆ ಯಾರೂ ಡಾಕ್ಟರೇಟ್ ಮಾಡಿಲ್ಲವೆಂಬುದು ನಮ್ಮ ವಿದ್ವತ್ತಿನ ದಾರಿದ್ರ್ಯ. ಒಂದು ಕುದುರೆಗೆ ಒಂದೇ ಬಾಲವಾದ್ದರಿಂದ ಎರಡು ಸಲ ಬಿಲ್ಲು ಮಾಡಲು ಬರುವುದಿಲ್ಲ, ಅದು ಸರಿ. ಆದರೆ ತಂದ ಬಾಲ ಪಾರಸಿ ಕೊಲ್ಲಿಯ ಹೊರ್ಮುಜ್‌ನ ಕುದುರೆಯದೋ, ಭಟ್ಕಳದ ಸಂತೆಯಲ್ಲಿ ಸತ್ತ ಯಾವುದೋ ಬಡಕಲು ಪ್ರಾಣಿಯದೋ? ಕೂದಲು ನೋಡಿ ಕುಲ ಹೇಳುವ ಅಧಿಕಾರಿ ಹುಜೂರಿನಲ್ಲಿ ಇದ್ದನೇ? ಶಾಸನಗಳು ಮೌನವಾಗಿವೆ.

ಭಾರತ ಸರ್ಕಾರ ಮೌನವಾಗಿಲ್ಲ. ಆಸಿಯಾನ್ ದೇಶಗಳೊಂದಿಗೆ 2010ರಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದದ ಪ್ರಕಾರ, ವಿಯೆಟ್ನಾಮಿನ ಸರಕಿಗೆ ಸುಂಕದ ರಿಯಾಯಿತಿ ಬೇಕಿದ್ದರೆ ಸಾಮಾನ್ಯವಾಗಿ ಅದರ ಮೌಲ್ಯದ ಕನಿಷ್ಠ ಶೇ. 35 ಭಾಗವಾದರೂ ಆ ವಲಯದಲ್ಲೇ ಹುಟ್ಟಿರಬೇಕು. ಅದಕ್ಕೊಂದು ಮೂಲ ಪ್ರಮಾಣಪತ್ರ ಬೇಕು. ಬೇರೆ ದೇಶದ ಮಾಲು ಅಲ್ಲಿ ಒಂದು ರಾತ್ರಿ ತಂಗಿ, ಪ್ರಮಾಣಪತ್ರ ಅಂಟಿಸಿಕೊಂಡು ಬರುವ ಚಾಳಿ ಕಂಡ ಮೇಲೆ 2020ರ ಸೆಪ್ಟೆಂಬರಿನಿಂದ ಇನ್ನೊಂದು ನಿಯಮ ಬಂತು: ಬರೀ ಪತ್ರ ಸಾಲದು, ಮಾಲು ಎಲ್ಲಿ ಹೇಗೆ ತಯಾರಾಯಿತೆಂಬ ವಿವರ ಆಮದುದಾರನ ಕೈಯಲ್ಲೇ ಇರಬೇಕು, ಐದು ವರ್ಷ ಜೋಪಾನ ಮಾಡಬೇಕು. ಅಂದರೆ ಬಾಲ ತಂದರೆ ಸಾಲದು, ಕುದುರೆಯ ಜಾತಕವೂ ಬೇಕು. ನಾನು ಲೆಕ್ಕ ಹಾಕಿ ನೋಡಿದ್ದೇನೆ: ಯಾವ ತಳಿಯ ಕುದುರೆಯಲ್ಲೂ ಬಾಲ ಶೇ. 35 ಆಗುವುದಿಲ್ಲ. ಸಾಳುವ ನರಸಿಂಹನು ಇಂದು ಕಸ್ಟಮ್ಸ್‌ನ ನೋಟಿಸಿಗೆ ಉತ್ತರ ಕೊಡಬೇಕಾಗುತ್ತಿತ್ತು.

ಕ್ಷೇತ್ರಕಾರ್ಯಕ್ಕಾಗಿ ಸಾಹುಕಾರರ ಅಂಗಡಿಗೆ ಹೋದೆ. ಅವರು ಗಾಜಿನ ಕೌಂಟರಿನ ಮೇಲೆ ಒಂದು ರಟ್ಟನ್ನಿಟ್ಟರು. ಹನ್ನೆರಡು ಕ್ಲಿಪ್ಪು, ಹನ್ನೆರಡೂ ನೇರಳೆ.

“ಚೀನಾದೋರು ಹತ್ತು ಡಿಸೈನು ಒಂದೊಂದ್ ಬಾಕ್ಸ್ ಕೇಳಿದ್ರೂ ಕೊಡ್ತಿದ್ರು ಸರ್. ಈ ವಿಯೆಟ್ನಾಂ ಫ್ಯಾಕ್ಟ್ರಿಯೋರು ದೊಡ್ಡ ದೊಡ್ಡ ಕಂಪ್ನಿಗೆ ಮಾಡಿ ರೂಢಿ ಆಗ್ಯಾರ. ತಗೊಂಡ್ರ ಒಂದ ಬಣ್ಣ, ಸಾವಿರಗಟ್ಲೆ ಪೀಸು. ನಾವು ನಾಕ್ ಮಂದಿ ಸೇರಿ ಒಂದು ಕಂಟೇನರು ತರ್ಸೋರು, ಏನ್ ಮಾಡಾನ್ರಿ?”

ಕ್ಲಿಪ್ಪನ್ನು ಒತ್ತಿ, ಅದರ ಹೊಟ್ಟೆಯಲ್ಲಿದ್ದ ಸ್ಪ್ರಿಂಗನ್ನು ಉಗುರಿನಿಂದ ಎತ್ತಿ ತೋರಿಸಿದರು. “ಪ್ಲಾಸ್ಟಿಕ್ ಅಲ್ಲೀದು. ಸ್ಪ್ರಿಂಗು ಮಾತ್ರ ಚೀನಾದಿಂದ ಬರ್ತೈತಂತ. ಫ್ಯಾಕ್ಟ್ರಿ ಓನರೂ ಅಲ್ಲಿಂದ ಬಂದೋನೇ ಅಂತ.”

ವಿದ್ವಾಂಸನ ಮೈ ಜುಮ್ಮೆನ್ನುವುದು ಇಂಥ ಕಡೆ. ಸ್ಪ್ರಿಂಗು ಉಕ್ಕಿನದು, ಉಕ್ಕು ಅದಿರಿನದು. ಬೀಜಿಂಗ್ ಒಲಿಂಪಿಕ್ಸ್‌ನ ಆಜುಬಾಜಿನ ವರ್ಷಗಳಲ್ಲಿ ಪಕ್ಕದ ಸಂಡೂರಿನ ಅದಿರಿನ ಬೆಟ್ಟಗಳು ಲಾರಿ ಹತ್ತಿ, ಕೆಂಪು ಧೂಳೆಬ್ಬಿಸುತ್ತ ಬಂದರು ಸೇರಿ, ಚೀನಾಕ್ಕೆ ಹೋದದ್ದು ಎಲ್ಲರಿಗೂ ಗೊತ್ತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು, 2022ರಲ್ಲಿ ರಫ್ತಿಗೆ ಮತ್ತೆ ಅನುಮತಿ ಸಿಕ್ಕಿತು. ಹಾಗಾದರೆ ಆ ಸ್ಪ್ರಿಂಗಿನಲ್ಲಿ ಸಂಡೂರಿನ ಕಣವೊಂದು ಇಲ್ಲವೆಂದು ಯಾರು ಪ್ರಮಾಣ ಮಾಡಿಯಾರು? ಪ್ರಬಂಧಕಾರನು ಇದನ್ನು ಪುನರ್ಜನ್ಮವಾದವೆಂದು ಕರೆಯುತ್ತಾನೆ. ಈ ವಾದ ನಿಂತರೆ ಕ್ಲಿಪ್ಪು ವಿಯೆಟ್ನಾಮಿನದೂ ಅಲ್ಲ, ಚೀನಾದ್ದೂ ಅಲ್ಲ, ತವರಿಗೆ ಬಂದ ಮಗಳು. ತವರಿನ ಬಾಗಿಲಲ್ಲಿ ಸುಂಕ ಕೇಳುವುದು ಯಾವ ಧರ್ಮ? ಹಾಗೆ ನೋಡಿದರೆ ಸಂಡೂರಿನಲ್ಲಿ ಮೂಲದ ಬಗ್ಗೆ ಯಾರ ತಕರಾರೂ ಇಲ್ಲದ ಸರಕೊಂದಿದೆ, ಲಂಬಾಣಿ ಕಸೂತಿ. ಅದಕ್ಕೆ ಭೌಗೋಳಿಕ ಸೂಚಿಯೂ (ಜಿಐ) ಸಿಕ್ಕಿದೆ. ಅದು ಕೈಯಿಂದ ಆಗುವ ಕೆಲಸ, ಸಾವಿರಗಟ್ಟಲೆ ನೇರಳೆ ಬಣ್ಣದಲ್ಲಿ ಸಿಗುವುದಿಲ್ಲ, ಆದ್ದರಿಂದ ಜಾಗತಿಕ ವ್ಯಾಪಾರದ ಶಾಸ್ತ್ರಕ್ಕೆ ಸೇರುವುದಿಲ್ಲ.

ಇನ್ನು ಹಣಕಾಸು. ರಾಯರು ವರ್ಷಕ್ಕೆ ಹೊರ್ಮುಜ್‌ನದೂ ನಾಡತಳಿಯದೂ ಸೇರಿ 13,000 ಕುದುರೆ ಕೊಳ್ಳುತ್ತಿದ್ದರಂತೆ. ಒಳ್ಳೆಯವು ತಮ್ಮ ಲಾಯಕ್ಕೆ. ನಾಡತಳಿಯವನ್ನು ಸಾವಿರ ಪರ್ದಾವಿಗೆ ಐದರಂತೆ ನಾಯಕರ ತಲೆಗೆ ಕಟ್ಟುವುದು; ಸೆಪ್ಟೆಂಬರಿನೊಳಗೆ ನಾಯಕರು ಹಣ ಕಟ್ಟಬೇಕು; ಆ ಹಣವನ್ನು ಪೋರ್ಚುಗೀಸರಿಂದ ಕೊಂಡ ಅರಬಿ ಕುದುರೆಗಳ ಬಾಬ್ತಿಗೆ ಕೊಡುವುದು. ಬೊಕ್ಕಸದಿಂದ ಕಾಸೂ ಹೊರಡದು. ನೂನಿಜ್ ಇದನ್ನು ಮೆಚ್ಚಿಕೊಂಡೇ ಬರೆದಂತಿದೆ. ಹಣ ಬರಬೇಕಾದವನಿಗೆ ಅದು ಎಲ್ಲಿಂದ ಬಂದರೇನು? ಕಲ್ಲುಬಂಡೆಯಂಥ ಸಾಮ್ರಾಜ್ಯವೊಂದು ಉದ್ರಿಯ ಮೇಲೆ ನಿಂತಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ನನಗೆ ಸಿಕ್ಕಿಲ್ಲ.

ಸಾಹುಕಾರರು ನೂನಿಜ್‌ನನ್ನು ಓದಿಲ್ಲ. ಆದರೂ ಹೊಳೆಯುವ ಕಲ್ಲಿನ ಕ್ಲಿಪ್ಪುಗಳನ್ನು ತಮ್ಮ ಶೋಕೇಸಿನಲ್ಲಿಟ್ಟುಕೊಂಡು, ನೇರಳೆಯನ್ನು ಸಂಡೂರು, ಕಂಪ್ಲಿಗಳ ಚಿಕ್ಕ ಅಂಗಡಿಗಳಿಗೆ ಹಂಚಿಬಿಟ್ಟಿದ್ದಾರೆ. ವಾಯಿದೆ: ದಸರಾ. ಆ ಹಣ ಬಂದರೆ ಚೆನ್ನೈಗೆ ಹೋಗುತ್ತದೆ.

ಕಂಪ್ಲಿಯ ಪರಿಸ್ಥಿತಿ ಬೇರೆಯೇ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗುತ್ತದೆ, ಆಚೆ ದಡದ ಗಿರಾಕಿ ಆಚೆಯೇ ಉಳಿಯುತ್ತಾನೆ. ವಿಯೆಟ್ನಾಮಿನ ಹೈಫಾಂಗ್ ಬಂದರಿನಿಂದ ಸಮುದ್ರ ದಾಟಿ ಬಂದ ಕ್ಲಿಪ್ಪು ತುಂಗಭದ್ರೆಯನ್ನು ದಾಟಲಾರದೆ ಕೂರುತ್ತದೆ. ಪೂರೈಕೆ ಸರಪಳಿಯ ಪಂಡಿತರು ಮಲಕ್ಕಾ ಜಲಸಂಧಿಯ ಬಗ್ಗೆ ಬರೆದಷ್ಟು ಈ ಸೇತುವೆಯ ಬಗ್ಗೆ ಬರೆದಿಲ್ಲ.

ನಾನು ಅಂಗಡಿಯಲ್ಲಿರುವಾಗಲೇ ಕಂಪ್ಲಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬಂತು. ಮುರಿದ ಕ್ಲಿಪ್ಪುಗಳಿಗೆ ಬದಲಿ ಮಾಲು ಕೊಡಬೇಕೆಂದು ಅಲ್ಲಿನ ಅಂಗಡಿಯವರ ಬೇಡಿಕೆ. ಚೀಲ ಬಿಚ್ಚಿದರೆ ಒಳಗೆ ಬರೀ ಸ್ಪ್ರಿಂಗುಗಳು. ಉಳಿದದ್ದನ್ನು ಗಿರಾಕಿಗಳು ಎಸೆದಿದ್ದರಂತೆ. ಸಾಹುಕಾರರು ಅವನ್ನು ಒಂದು ಪೇಪರಿನ ಮೇಲೆ ಸಾಲಾಗಿ ಜೋಡಿಸಿ, ಫೋಟೋ ತೆಗೆದು ವಿಯೆಟ್ನಾಮಿಗೆ ವಾಟ್ಸಾಪ್ ಮಾಡಿದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಹೆಬ್ಬೆರಳು ಬಂತು, ಜೊತೆಗೆ ಹೊಸ ಮಾಡೆಲ್ಲಿನ ರೇಟ್ ಲಿಸ್ಟು.

ಸಂದರ್ಭ ಒದಗಿತೆಂದು ನಾನು ಸಾಳುವ ನರಸಿಂಹನ ಕ್ರಮವನ್ನು ಅವರಿಗೆ ವಿವರಿಸಿದೆ. ಸಾಹುಕಾರರು ಕ್ಯಾಲ್ಕ್ಯುಲೇಟರನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು:

“ಸರ್, ಬರೀ ಬಾಲ ತರ್ಸಿದ್ರ ಕೆಜಿಗೆ ಏನ್ ಬೀಳಬೋದ್ರಿ?”