ಹೋರಿಯೇ ಅರ್ಜಿ ಹಾಕಲಿ ಬಿಡಿ

ಇವರಿಗೆ,
ಲೈವ್ ಬಂದ್ ಮಾಡುವ ವಿಭಾಗದ ಮುಖ್ಯಸ್ಥರು (ಮನುಷ್ಯರಾಗಿದ್ದಲ್ಲಿ ಮಾತ್ರ)
ವಿಳಾಸ: ಹುಡುಕಿದೆ, ಸಿಗಲಿಲ್ಲ

ವಿಷಯ: ನ್ಯಾಮತಿ ಸೀಮೆಯಲ್ಲಿ ಹೋರಿ ಓಡಿದ್ದಕ್ಕೆ ಹೊನ್ನಾಳಿಯಲ್ಲಿ ನನ್ನ ಲೈವ್ ನಿಲ್ಲಿಸಿದ ಬಗ್ಗೆ.

ಮಾನ್ಯರೇ,

ಇದೀಗ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಿಂದ ಬಂದು ಕೂತೆ. ಚಹಾ ಕುಡಿದಿಲ್ಲ. ಕುಡಿದರೆ ಸಿಟ್ಟು ಇಳಿದೀತು, ಪತ್ರ ಮುಗಿದ ಮೇಲೆ ಕುಡಿಯೋಣ ಅಂತ. ನಿಮ್ಮ ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಅದೂ ಒಂದು ಉಲ್ಲಂಘನೆಯಾಗಿ ಇನ್ನೊಂದು ತಿಂಗಳು ಸೇರಿಕೊಂಡೀತು.

ಅಂಗಡಿಗೆ ಹೋಗಿದ್ದು ನೀವು ಕೇಳಿದ ವಿಡಿಯೊ ಸೆಲ್ಫಿ ಕೊಡುವುದಕ್ಕೆ. ಮನೆಯಲ್ಲಿ ಬೆಳಕು ಸಾಲದು ಅಂದಿರಿ, ಅಂಗಡಿಯಲ್ಲಿ ಟ್ಯೂಬ್‌ಲೈಟ್ ಇದೆ. ಮುಖ ಎಡಕ್ಕೆ ತಿರುಗಿಸಿ ಅಂದಿರಿ, ತಿರುಗಿಸಿದೆ. ಬಲಕ್ಕೆ ಅಂದಿರಿ. ಮೇಲಕ್ಕೆ ಅಂದಿರಿ. ನಿಧಾನವಾಗಿ, ಮತ್ತೊಮ್ಮೆ ಅಂದಿರಿ. ಜಾತಿ ಪ್ರಮಾಣಪತ್ರದ ಜೆರಾಕ್ಸ್ ಮಾಡಿಸಲು ಬಂದಿದ್ದ ಹೆಂಗಸೊಬ್ಬರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, 'ಕುತ್ತಿಗೆ ಉಳುಕಿದ್ರೆ ಎಣ್ಣೆ ಹಚ್ಚಿ ನೀವಿಸ್ಕಳ್ರೀ, ಹಂಗೆ ತಿರುಗಿಸ್ಬಾರ್ದು' ಅಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಬಂತು. ಮತ್ತೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಕಳಿಸಿದೆ. ಫೋನು ಜೇಬಿಗೆ ಇಳಿಯುವ ಮುಂಚೆಯೇ ನಿಮ್ಮ ಉತ್ತರ: 'ನಿಮ್ಮ ಮನವಿಯನ್ನು ಪರಿಶೀಲಿಸಿದ್ದೇವೆ. ನಮ್ಮ ನಿರ್ಧಾರದಲ್ಲಿ ಬದಲಾವಣೆ ಇಲ್ಲ.'

ಪರಿಶೀಲಿಸಿದವರು ಯಾರು ಸ್ವಾಮಿ? ಅಷ್ಟು ಬೇಗ ನಮ್ಮ ಮನೆ ನಾಯಿ ಕೂಡ ಬಂದವರು ಯಾರು ಅಂತ ಮೂಸಿ ನೋಡುವುದಿಲ್ಲ.

ನಡೆದದ್ದು ಇಷ್ಟು. ದೀಪಾವಳಿ ಕಳೆದರೆ ನಮ್ಮ ಹೊನ್ನಾಳಿ–ನ್ಯಾಮತಿ ಕಡೆ, ಪಕ್ಕದ ಶಿಕಾರಿಪುರ, ಸೊರಬ, ಅತ್ತ ಹಾವೇರಿ ಕಡೆ ಹೋರಿ ಹಬ್ಬ ಶುರು. ಕೊಬ್ಬರಿ ಹೋರಿ ಅಂತಲೂ ಅನ್ನುತ್ತೇವೆ. ಹೋರಿಯ ಕೊರಳಿಗೆ ಒಣಕೊಬ್ಬರಿ ಸರ, ಕೋಡಿಗೆ ಬಲೂನು, ಬೆನ್ನ ಮೇಲೆ ಮಿಂಚುವ ಜೂಲು. ಹಗ್ಗ ಬಿಟ್ಟರೆ ಎರಡೂ ಬದಿ ಜನ ತುಂಬಿದ ಅಖಾಡದಲ್ಲಿ ಅದು ಓಡಬೇಕು. ಹುಡುಗರು ಬಿದ್ದು ಎದ್ದು ಕೊಬ್ಬರಿ ಹರಿಯಬೇಕು. ಕೊಬ್ಬರಿ ಉಳಿಸಿಕೊಂಡು ಪಾರಾದರೆ ಹೋರಿ ಗೆದ್ದ ಹಾಗೆ. ವರ್ಷವಿಡೀ ಹುರುಳಿ, ಹತ್ತಿಬೀಜ ತಿನ್ನಿಸಿ, ಕೆರೆಯಲ್ಲಿ ಈಜಿಸಿ ಸಾಕಿರುತ್ತಾರೆ. ಮನೆ ಮಗನಿಗೆ ಅಷ್ಟು ಮಾಡಿದ್ದರೆ ಅವನು ಪಿಯುಸಿ ಪಾಸಾಗುತ್ತಿದ್ದ. ಹೋರಿಗೆ ಅಭಿಮಾನಿ ಬಳಗ ಇದೆ, ಅದರ ಫೋಟೊ ಇರುವ ಟೀ ಶರ್ಟ್ ಇದೆ, ಫ್ಲೆಕ್ಸ್ ಇದೆ. ನನಗೆ ಇವು ಮೂರೂ ಇಲ್ಲ. ನನಗಿದ್ದದ್ದು ಒಂದು ಪೇಜು, ಒಂದು ಫೋನು, ಒಂದು ಪವರ್ ಬ್ಯಾಂಕು.

ಟ್ರ್ಯಾಕ್ಟರ್ ಟ್ರೈಲರ್ ಮೇಲೆ ನಿಂತು ಲೈವ್ ಕೊಡುತ್ತಿದ್ದೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಇರುವವರು, ಮಂಗಳೂರಿಗೆ ಕೆಲಸಕ್ಕೆ ಹೋದವರು, ದುಬೈಯಲ್ಲಿ ಡ್ರೈವರಿಕೆ ಮಾಡುವವರು ನೋಡುತ್ತಿದ್ದರು. ಒಂದು ಬಿಳಿ ಹೋರಿ ಬಾಣ ಬಿಟ್ಟ ಹಾಗೆ ಬಂತು. ಮೈಕಿನವನ ಗಂಟಲು ಹರಿದುಹೋಗುವಂತೆ ಕೂಗು. ನಾಲ್ಕು ಜನ ಕೊರಳಿಗೆ ಜೋತುಬಿದ್ದರು, ನಾಲ್ಕೂ ಜನ ಮಣ್ಣು ಮುಕ್ಕಿದರು. ಹೋರಿ ಕೊಬ್ಬರಿ ಸಮೇತ ದಾಟಿತು. ಪರದೆ ಕಪ್ಪಾಯಿತು. 'ಪ್ರಾಣಿಗಳ ಮೇಲಿನ ಹಿಂಸೆ' ಅಂತ ಬರೆದಿತ್ತು. ಒಂದು ತಿಂಗಳು ಲೈವ್ ಇಲ್ಲ.

ಮಣ್ಣು ಮುಕ್ಕಿದವರು ಮನುಷ್ಯರು ಸ್ವಾಮಿ! ಹೋರಿಗೆ ಏನೂ ಆಗಿಲ್ಲ. ಅದು ದೂರು ಕೊಟ್ಟಿದ್ದರೆ ಒಂದು ಪ್ರತಿ ನನಗೂ ಕಳಿಸಿ.

ಹೋರಿ ಹಬ್ಬದಲ್ಲಿ ತಪ್ಪೇ ಇಲ್ಲ ಅಂತ ನಾನು ಹೇಳುವವನಲ್ಲ. ತಿವಿತಕ್ಕೆ ಸಿಕ್ಕು ಜನ ಸತ್ತಿದ್ದಾರೆ, ಬರೀ ನೋಡಲು ನಿಂತವರೂ ಸತ್ತಿದ್ದಾರೆ. ಬೇಲಿ ಸರಿಯಾಗಿ ಕಟ್ಟದ, ಆಂಬುಲೆನ್ಸ್ ತರಿಸದ ಕಮಿಟಿಯವರನ್ನು ನಾನೇ ಲೈವ್‌ನಲ್ಲಿ ಬೈದಿದ್ದೇನೆ. ಆದರೆ ಈ ಹಿಂಸೆಯ ವಿಚಾರವನ್ನು ನಿಮಗಿಂತ ಮೊದಲೇ ಬಲ್ಲವರು ಕೂತು ನೋಡಿದ್ದಾರೆ. ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಕ್ಕೆ ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡಿನ ಜಲ್ಲಿಕಟ್ಟು, ಮಹಾರಾಷ್ಟ್ರದ ಗಾಡಿ ಓಟದ ಕಾಯ್ದೆಗಳ ಜೊತೆಗೆ ನಮ್ಮದನ್ನೂ ಎತ್ತಿ ಹಿಡಿಯಿತು. ಐವರು ಸೇರಿ ತಿಂಗಳುಗಟ್ಟಲೆ ಯೋಚಿಸಿ ಹೇಳಿದ್ದನ್ನು ನಿಮ್ಮ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ತಿರುಗಿಸಿ ಹಾಕಿತು. ಅದಕ್ಕೆ ಕಣ್ಣು ಇದೆಯೋ ಇಲ್ಲವೋ, ಆ ಮಾತು ಬೇರೆ.

ಲೈವ್‌ಗೆ ಇಷ್ಟು ಕಾವಲು ಯಾಕೆ ಅನ್ನುವುದೂ ಗೊತ್ತು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಒಬ್ಬ ಪಾಪಿ ಮಸೀದಿಗಳಿಗೆ ನುಗ್ಗಿ 51 ಜನರ ಪ್ರಾಣ ತೆಗೆದ. ಫೇಸ್‌ಬುಕ್‌ನಲ್ಲಿ 17 ನಿಮಿಷ ಲೈವ್ ಓಡಿತು. ನೋಡುಗರಿಂದ ಮೊದಲ ದೂರು ಬಂದದ್ದು ಶುರುವಾದ 29 ನಿಮಿಷಕ್ಕೆ, ಅಷ್ಟೊತ್ತಿಗೆ ಲೈವ್ ಮುಗಿದೇ ಹೋಗಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಗಂಭೀರ ತಪ್ಪು ಒಂದೇ ಸಲ ಆದರೂ ಲೈವ್ ಬಂದ್ ಅನ್ನುವ ನಿಯಮ ಬಂತು. ಬರಲೇಬೇಕಿತ್ತು, ಯಾರೂ ಬೇಡ ಅನ್ನುವುದಿಲ್ಲ. ಆದರೆ 17 ನಿಮಿಷ ಕೊಲೆಗಾರನನ್ನು ಗುರುತಿಸಲಾಗದ ಯಂತ್ರಗಳ ವಂಶಕ್ಕೆ ಈಗ ಕೊಬ್ಬರಿ ಸರ ಹಾಕಿಕೊಂಡ ಹೋರಿ ಮಾತ್ರ ಚೆನ್ನಾಗಿ ಕಾಣುತ್ತದೆ.

ಇರಲಿ. ಮನವಿ ಹಾಕಿದೆ. ಗುರುತಿನ ಚೀಟಿ ಕೊಡಿ ಅಂದಿರಿ, ಆಧಾರ್ ಕೊಟ್ಟೆ. ಖಾತೆಯ ಹೆಸರಿಗೂ ಚೀಟಿಯ ಹೆಸರಿಗೂ ಹೊಂದಿಕೆ ಇಲ್ಲ ಅಂದಿರಿ. ಹೊಂದುವುದು ಹೇಗೆ? ಪೇಜು ಇರುವುದು ಹೋರಿ ಹೆಸರಲ್ಲಿ! ಸತ್ಯ ಹೇಳಬೇಕೆಂದರೆ ಗುರುತಿನ ವಿಷಯದಲ್ಲಿ ಹೋರಿಯೇ ನನಗಿಂತ ಮೇಲು. ಪಶುಸಂಗೋಪನೆಯವರು ಬಂದು ಅದರ ಕಿವಿಗೆ 12 ಅಂಕೆಯ ಹಳದಿ ಓಲೆ ಹಾಕಿ ಹೋಗಿದ್ದಾರೆ. ನನ್ನ ಆಧಾರಿಗೂ 12 ಅಂಕೆ, ಅದರ ಓಲೆಗೂ 12 ಅಂಕೆ. ನನ್ನ ಕಾರ್ಡಿನ ಫೋಟೊ ನೋಡಿ ನನ್ನ ಹೆಂಡತಿಯೇ ಯಾರಿದು ಅನ್ನುತ್ತಾಳೆ, ಹೋರಿಗೆ ಆ ತಾಪತ್ರಯವೂ ಇಲ್ಲ. ಮುಂದಿನ ಸಲ ಅದರ ಕಿವಿಯ ಫೋಟೊ ಕಳಿಸುತ್ತೇನೆ. ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅಂತ ಅದಕ್ಕೆ ನೀವೇ ಬಂದು ಹೇಳಿ. ಹತ್ತಿರ ನಿಂತು ಹೇಳಿ.

ಅಕ್ಕನ ಮಗ 'ಹೊಸ ಖಾತೆ ತೆರಿ ಮಾವ' ಅಂದ. ಒಂದೊಂದು ಕಡೆ ಒಂದೊಂದು ಟೋಲ್‌ಗೇಟ್. ಫೇಸ್‌ಬುಕ್‌ಗೆ ಖಾತೆ ಹುಟ್ಟಿ 60 ದಿನ ಆಗಿರಬೇಕು, 100 ಫಾಲೋವರ್ಸ್ ಇರಬೇಕು. ಇನ್‌ಸ್ಟಾಗ್ರಾಂಗೆ 1,000 ಬೇಕು. ಯೂಟ್ಯೂಬ್‌ನಲ್ಲಿ ಮೊಬೈಲಿನಿಂದ ಹೋಗಲು 50 ಸಬ್‌ಸ್ಕ್ರೈಬರ್ಸ್ ಸಾಕು, ಆದರೆ ಮೊದಲ ಸಲ 24 ಗಂಟೆವರೆಗೂ ಕಾಯಿಸುತ್ತಾರೆ. ಅಕ್ಕನ ಮಗನ ಖಾತೆಯಲ್ಲೇ ಹೋಗೋಣ ಅಂದರೆ 2025ರ ಜುಲೈ 22ರಿಂದ ಯೂಟ್ಯೂಬ್‌ನಲ್ಲಿ ಒಬ್ಬನೇ ಲೈವ್ ಹೋಗಲು 16 ತುಂಬಿರಬೇಕು, ಅವನಿಗೆ ತುಂಬಿಲ್ಲ. ಹೋರಿಗೂ ತುಂಬಿಲ್ಲ.

ಹಳೇ ಖಾತೆಗೆ ಕಾನೂನು ಇದೆಯಂತೆ, ಓದಿದೆ. 2021ರ ಐಟಿ ನಿಯಮದ ಪ್ರಕಾರ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಕಂಪನಿ ಭಾರತದಲ್ಲೇ ವಾಸವಿರುವ ಕುಂದುಕೊರತೆ ಅಧಿಕಾರಿಯನ್ನು ಇಡಬೇಕು. ದೂರು ಬಂದ 24 ಗಂಟೆಯಲ್ಲಿ ಸ್ವೀಕೃತಿ, 7 ದಿನದಲ್ಲಿ ತೀರ್ಮಾನ (2026ರ ಫೆಬ್ರವರಿಗೆ ಮುಂಚೆ 15 ದಿನ ಇತ್ತು). ತಾನಾಗಿ ಏನನ್ನಾದರೂ ತೆಗೆಯುವ ಮುಂಚೆ ಕಾರಣ ತಿಳಿಸಿ, ಎದುರು ಹೇಳಲು ಅವಕಾಶ ಕೊಡಬೇಕು. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಸಮಿತಿಗೆ ಹೋಗಬಹುದು, 2023ರ ಮಾರ್ಚ್ 1ರಿಂದ ಅದಕ್ಕೂ ಒಂದು ಪೋರ್ಟಲ್ ಇದೆ. ನಿಮ್ಮ ಅಧಿಕಾರಿಗೆ ಬರೆದೆ. ಸ್ವೀಕೃತಿ ಬಂತು, 24 ಗಂಟೆ ಏಕೆ, 24 ಸೆಕೆಂಡ್ ಕೂಡ ಆಗಿರಲಿಕ್ಕಿಲ್ಲ. ಅದರಲ್ಲಿ 'ನಿಮ್ಮ ಸಮಸ್ಯೆಗೆ ಸಹಾಯ ಕೇಂದ್ರ ನೋಡಿ' ಅಂತ ಕೊಂಡಿ. ಸಹಾಯ ಕೇಂದ್ರಕ್ಕೆ ಹೋದರೆ 'ಮನವಿ ಸಲ್ಲಿಸಿ' ಅಂತ ಕೊಂಡಿ. ಮನವಿಯನ್ನು ಒತ್ತಿದರೆ 'ನೀವು ಈಗಾಗಲೇ ಮನವಿ ಸಲ್ಲಿಸಿದ್ದೀರಿ.' ಗಾಣದೆತ್ತೂ ಇಷ್ಟು ಸುತ್ತಿರಲಿಕ್ಕಿಲ್ಲ. ಅದಕ್ಕೆ ಕೊನೆಗೆ ಹಿಂಡಿಯಾದರೂ ಸಿಗುತ್ತಿತ್ತು.

ನೋಡಿ, ಹೋರಿ ತಮಾಷೆ ಸಾಕು. ನನಗೆ ಸಿಟ್ಟು ಬಂದಿರುವುದು ಲೈವ್ ಹೋಗಿದ್ದಕ್ಕಲ್ಲ. ನನ್ನ ಎದುರು ಒಬ್ಬ ಮನುಷ್ಯ ಬಂದು ನಿಲ್ಲುತ್ತಿಲ್ಲವಲ್ಲ, ಅದಕ್ಕೆ. ನಾನು ತಾಲ್ಲೂಕು ಕಚೇರಿಗೆ ಅಲೆದವನು. ಪಹಣಿ ತಿದ್ದುಪಡಿಗೆ ಅಲೆದು ಚಪ್ಪಲಿ ಸವೆಸಿದವನು. ಅಲ್ಲಿ ಕೇಸ್ ವರ್ಕರ್ 'ನಾಳೆ ಬಾ' ಅನ್ನುತ್ತಾನೆ, ಆದರೆ ಅನ್ನಲಿಕ್ಕೆ ಅವನಿಗೊಂದು ಬಾಯಿ ಇದೆ, ಬೈಸಿಕೊಳ್ಳಲು ಎರಡು ಕಿವಿ ಇವೆ, ಊಟಕ್ಕೆ ಎದ್ದಾಗ ಹಿಂದೆ ಹೋಗಿ ಹಿಡಿದುಕೊಳ್ಳಬಹುದು. ನಿಮ್ಮಲ್ಲಿ 'ನಾಳೆ ಬಾ' ಅನ್ನುವವನೂ ಇಲ್ಲ. ಹಿಂದೆ ದೆವ್ವ ಬರಬಾರದು ಅಂತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ಈಗ ಮನುಷ್ಯ ಬರಬಾರದು ಅಂತ ದೆವ್ವವೇ ಬರೆದುಕೊಂಡು ಕೂತಿದೆ.

ಹೈಕೋರ್ಟಿನ ಕಥೆ ಕೇಳಿ. 2023ರ ಡಿಸೆಂಬರಿನಲ್ಲಿ ಕಿಡಿಗೇಡಿಗಳು ವಿಡಿಯೊ ಕಲಾಪದೊಳಗೆ ನುಗ್ಗಿ ಅಶ್ಲೀಲ ದೃಶ್ಯ ಹಾಕಿದರು, ನಮ್ಮ ಹೈಕೋರ್ಟೇ ಲೈವ್ ನಿಲ್ಲಿಸಬೇಕಾಯಿತು. ಆದರೆ ಹಾಗಂತ ಹೇಳಲು ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರೇ ಪೀಠದ ಮೇಲೆ ಕೂತು ಕಾರಣ ಕೊಟ್ಟರು. ಮುಖ್ಯ ನ್ಯಾಯಮೂರ್ತಿಗಳಿಗೆ ಇರುವ ಸೌಜನ್ಯ, ನೋಟಿಸಿನ ಕೆಳಗೆ 'ತಂಡ' ಅಂತ ಸಹಿ ಹಾಕುವ ನಿಮಗೆ ಇಲ್ಲ. ಯಾವ ತಂಡ? ಕಬಡ್ಡಿ ತಂಡಕ್ಕೂ ಒಬ್ಬ ಕ್ಯಾಪ್ಟನ್ ಇರುತ್ತಾನೆ.

ಮನವಿಯಲ್ಲಿ ನಾನು ಕನ್ನಡದಲ್ಲಿ ಬರೆದದ್ದನ್ನು ಓದಿದ್ದಾದರೂ ಯಾರು? 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡದಲ್ಲಿ ಸಂತಾಪ ಬರೆದರೆ, ಮೆಟಾ ಕಂಪನಿಯ ಯಂತ್ರ ಅದನ್ನು ಓದಿ ಮುಖ್ಯಮಂತ್ರಿಗಳೇ ಹೋದರು ಅಂತ ಇಂಗ್ಲಿಷಿನಲ್ಲಿ ಸಾರಿತು. ಸರ್ಕಾರ ಪತ್ರ ಬರೆಯಿತು, ಕಂಪನಿ ಕ್ಷಮೆ ಕೇಳಿತು. ಮುಖ್ಯಮಂತ್ರಿಗಳ ಕಚೇರಿಗೆ ಲೆಟರ್‌ಹೆಡ್ ಇದೆ, ಮಾಧ್ಯಮ ಸಲಹೆಗಾರರಿದ್ದಾರೆ. ನನ್ನ ಪರವಾಗಿ ಬರೆಯುವವರು ಯಾರು, ಹೋರಿಯೇ? ನಾಳೆ ಚನ್ನಗಿರಿಗೆ ಹೋಗಿ ಸೂಳೆಕೆರೆ ಕೋಡಿ ಬಿದ್ದದ್ದನ್ನು ಲೈವ್ ತೋರಿಸಿದರೆ, ಹೆಸರು ಕೇಳಿಯೇ ನನ್ನನ್ನು ಜನ್ಮಪರ್ಯಂತ ಓಡಿಸುತ್ತೀರೇನೋ. ಶಾಂತಿಸಾಗರ ಅಂತಲೂ ಹೆಸರಿದೆ, ಬರೆದಿಟ್ಟುಕೊಳ್ಳಿ.

ಚನ್ನಗಿರಿ ಅಂದಾಗ ನೆನಪಾಯಿತು. ಆ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಅಲ್ಲಿ ಅದಕ್ಕೆ ಮುಂಚೆ ಯಾರೂ ಹಾಗೆ ಮಾತಾಡಿರಲಿಲ್ಲ. ಆಮೇಲೆ ಮುಖ್ಯಮಂತ್ರಿಯಾಗಿ 1997ರಲ್ಲಿ ಈ ದಾವಣಗೆರೆ ಜಿಲ್ಲೆ ಮಾಡಿದವರೂ ಅವರೇ. ಐವತ್ತು ವರ್ಷಕ್ಕೂ ಹಿಂದೆ ದಿಲ್ಲಿಯವರು ಕೂತು ಕೇಳಿಸಿಕೊಂಡ ಭಾಷೆಯನ್ನು ಇಷ್ಟೆಲ್ಲ ಕಂಪ್ಯೂಟರ್ ಇಟ್ಟುಕೊಂಡ ನೀವು ಕೇಳಿಸಿಕೊಳ್ಳಲಾರಿರಿ. ಪಟೇಲರು ಇದ್ದಿದ್ದರೆ ಒಂದು ಮಾತು ಹೇಳಿ ನಗಿಸುತ್ತಿದ್ದರು. ನನಗೆ ಬರೀ ಬೈಗುಳ ಬರುತ್ತದೆ.

ಈ ನಡುವೆ ಒಬ್ಬ ಫೋನ್ ಮಾಡಿದ್ದ. 'ಲೈವ್ ವಾಪಸ್ ಕೊಡಿಸ್ತೀನಿ ಸಾರ್, ಒಳಗೆ ನಮ್ಮ ಕಡೆಯವರು ಇದ್ದಾರೆ, ಓಟಿಪಿ ಹೇಳಿ, ಐದು ಸಾವಿರ ಹಾಕಿ' ಅಂತ. ಕಳ್ಳ ಅಂತ ಧ್ವನಿಯಲ್ಲೇ ಗೊತ್ತಾಯಿತು. ಆದರೂ ಫೋನ್ ಇಡಲು ಮನಸ್ಸು ಬರಲಿಲ್ಲ. ಈ ವ್ಯವಹಾರ ಶುರುವಾದಾಗಿನಿಂದ ನನ್ನ ಜೊತೆ ಕನ್ನಡದಲ್ಲಿ, ಸಮಾಧಾನವಾಗಿ, ಹೆಸರು ಹಿಡಿದು ಮಾತಾಡಿದವನು ಅವನೊಬ್ಬನೇ. 'ಊಟ ಆಯ್ತಾ ಸಾರ್' ಅಂತಲೂ ಕೇಳಿದ. ನಿಮ್ಮ ಕುಂದುಕೊರತೆ ಅಧಿಕಾರಿಗೆ ಅವನ ಹತ್ತಿರ ನಾಲ್ಕು ದಿನ ಟ್ರೇನಿಂಗ್ ಕೊಡಿಸಿ. ಆಮೇಲೆ ಅವನನ್ನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಒಪ್ಪಿಸೋಣ.

ನಷ್ಟ ಯಾರಿಗೆ ಅನ್ನುತ್ತೀರಿ. ಚನ್ನಗಿರಿಯ ಸಹಕಾರ ಸಂಘ ತುಮ್ಕೋಸ್‌ನಲ್ಲಿ ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು ಅಂತ ಲೈವ್‌ನಲ್ಲಿ ಕೇಳುತ್ತಿದ್ದವರು ಈಗ ನನ್ನ ಮೊಬೈಲಿಗೇ ಫೋನ್ ಮಾಡುತ್ತಾರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಬೇಕು. ಜಗಳೂರಿನವರದ್ದು ಇನ್ನೊಂದು. ಮಳೆ ಕಾಣದ ತಾಲ್ಲೂಕು. 57 ಕೆರೆಗೆ ತುಂಗಭದ್ರೆ ನೀರು ತರುವ ಯೋಜನೆಗೆ ವರ್ಷಗಟ್ಟಲೆ ಕಾದವರು. ಕೆರೆಗೆ ನೀರು ಬಿದ್ದರೆ ತೋರಿಸಪ್ಪ ಅಂತ ಬೆಂಗಳೂರಿನಿಂದ ಕೇಳುತ್ತಾರೆ. ತೋರಿಸುವುದೇನು, ನೀರು! ಅದರಲ್ಲಿ ಯಾವ ಪ್ರಾಣಿಗೆ ಹಿಂಸೆ? ಕೊಡದಗುಡ್ಡದ ವೀರಭದ್ರಸ್ವಾಮಿ ತೇರು ಬರುತ್ತದೆ. ಫೆಬ್ರವರಿ 15ಕ್ಕೆ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿ, ಎಲ್ಲೆಲ್ಲಿಯ ತಾಂಡಾದವರೋ ಮಾಲೆ ಹಾಕಿಕೊಂಡು ನಡೆದು ಬರುತ್ತಾರೆ, ಬರಲಾಗದವರು ಫೋನ್ ಹಿಡಿದು ಕೂರುತ್ತಾರೆ. ಅವರಿಗೆ ಏನು ಹೇಳಲಿ, ಹೋರಿ ಮಾಡಿದ ಕೆಲಸ ಅಂತಲೇ?

ಆದ್ದರಿಂದ ಮಾನ್ಯರು ದಯಮಾಡಿ ಈ ಪತ್ರವನ್ನು ಒಬ್ಬ ಮನುಷ್ಯನ ಕೈಗೆ ಕೊಡಬೇಕು. ಲೈವ್ ಕೊಡದಿದ್ದರೂ ಪರವಾಗಿಲ್ಲ, ಕೊಡುವುದಿಲ್ಲ ಅಂತಲಾದರೂ ಆತನೇ ಬರೆಯಲಿ. ಯಾಕೆ ಅಂತ ಕಾರಣ ಬರೆದು, ಕೆಳಗೆ ಹೆಸರು ಹಾಕಲಿ.

ಇಂತಿ,
ಮುಖ ಎಡಕ್ಕೂ ಬಲಕ್ಕೂ ಮೇಲಕ್ಕೂ ತಿರುಗಿಸಿದ ನಿಮ್ಮ ಬಳಕೆದಾರ,
ಹೊನ್ನಾಳಿ

ವಿ.ಸೂ.: ಸಹಿ ಮಾಡಲು ಬರುವವರು ಯಾರೂ ನಿಮ್ಮಲ್ಲಿ ಇಲ್ಲದಿದ್ದರೆ ಹೆಬ್ಬೆಟ್ಟು ಒತ್ತಿ ಕಳಿಸಿ. ಹೆಬ್ಬೆಟ್ಟಿಗೆ ನಿಮ್ಮಲ್ಲಿ ಬರ ಇಲ್ಲ.