ದರಕಿನ ವ್ಯಾಜ್ಯ

ನಮ್ಮ ಮನೆಯ ಮುಂದೆ ಒಂದು ಹೊಂಗೆಮರವಿದೆ. ಇದು ವರ್ಷದ ಹತ್ತು ತಿಂಗಳ ಮಾತು. ಮಾಘ, ಫಾಲ್ಗುಣ ಬಂತೆಂದರೆ ಮಾತು ತಿರುಗಿ, ಹೊಂಗೆಮರದ ಹಿಂದೆಲ್ಲೋ ನಮ್ಮ ಮನೆಯಿದೆ ಎನ್ನಬೇಕಾಗುತ್ತದೆ. ಗೇಟು ತೆರೆದರೆ ಎಲೆ, ಸ್ಕೂಟರಿನ ಸೀಟಿನ ಮೇಲೆ ಎಲೆ, ಗೇಟಿಗೆ ತೂಗುಹಾಕಿದ ಹಾಲಿನ ಚೀಲದೊಳಗೆ ಎಲೆ. ಒಂದು ದಿನ ಪೇಪರು ಬಿಡಿಸಿದರೆ ಸಂಪಾದಕೀಯದ ಪುಟದಿಂದ ಹಳದಿ ಎಲೆಯೊಂದು ಜಾರಿ ಕಾಫಿಯ ಲೋಟಕ್ಕೆ ಬಿತ್ತು. ಆ ದಿನದ ಸಂಪಾದಕೀಯದಲ್ಲಿ ನನಗೆ ನೆನಪಿರುವುದು ಅದೊಂದೇ.

ಬೆಂಗಳೂರಿನ ದಕ್ಷಿಣಕ್ಕಿರುವ ಹಳೆಯ ಬಡಾವಣೆ ನಮ್ಮದು. ಬೆಳಿಗ್ಗೆ ಆರೂವರೆ ದಾಟುತ್ತಿದ್ದಂತೆ ಬೀದಿಯ ಆ ತುದಿಯಿಂದ ಕಡ್ಡಿಪೊರಕೆಯ ಬರ್‌ಬರ್ ಸದ್ದು ಶುರುವಾಗುತ್ತದೆ. ಬೀದಿ ಗುಡಿಸುವ ಅಕ್ಕ ಈ ತುದಿ ಮುಟ್ಟುವ ಹೊತ್ತಿಗೆ ಆ ತುದಿ ಮೊದಲಿನ ಹಾಗೇ ಆಗಿರುತ್ತದೆ. ಅವರು ಮಾತ್ರ ಒಮ್ಮೆಯೂ ತಿರುಗಿ ನೋಡುವುದಿಲ್ಲ. ಯಾಕೆಂದು ಒಂದು ದಿನ ಕೇಳಿಯೇಬಿಟ್ಟೆ. ‘ತಿರುಗಿ ನೋಡಿದ್ರೆ ಕೆಲ್ಸ ಮುಗಿಯಲ್ಲ ಸಾ. ಮರದ ಕೆಲ್ಸ ಮರ ಮಾಡ್ತದೆ, ನಮ್ಮ ಕೆಲ್ಸ ನಾವು ಮಾಡೋದು’ ಎಂದರು. ಇದನ್ನು ಕರ್ಮಯೋಗವೆಂದು ಕೊಂಡಾಡಲು ನಾನು ಬಾಯಿ ತೆರೆಯುವಷ್ಟರಲ್ಲಿ, ‘ಆ ಕಾರು ಒಸಿ ಹಿಂದಕ್ಕೆ ತಗೊಳಿ ಸಾ, ಅಡೀಲಿ ಎರಡು ಚೀಲ ಎಲೆ ಐತೆ’ ಎಂದರು. ಕೊಂಡಾಡುವುದನ್ನು ಬಿಟ್ಟು ಕಾರಿನ ಕೀ ಹುಡುಕಲು ಒಳಗೆ ಹೋದೆ.

ಐದುನೂರು ಜನಕ್ಕೆ ಒಬ್ಬ ಪೌರಕಾರ್ಮಿಕರಿರಬೇಕೆಂದು ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲೇ ವರದಿ ಕೊಟ್ಟಿತ್ತು. ಆ ಲೆಕ್ಕ ಜನರ ತಲೆಯದು. ಮರಗಳ ತಲೆ ಎಣಿಸಿದ್ದರೆ ನಮ್ಮ ಬೀದಿಯೊಂದಕ್ಕೇ ಒಂದು ಪಡೆ ಬೇಕಾಗುತ್ತಿತ್ತು.

ಇಷ್ಟಕ್ಕೆಲ್ಲ ಯಾರನ್ನು ದೂರುವುದು? ಹುಡುಕುತ್ತ ಹೋದರೆ ಜಾಡು ಲಾಲ್‌ಬಾಗಿನಲ್ಲಿ ನಿಲ್ಲುತ್ತದೆ. ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರರು 1908ರಲ್ಲಿ ಬೆಂಗಳೂರಿಗೆ ಬಂದರು. ಅದಕ್ಕೆ ಮೊದಲು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೈ ಪಳಗಿಸಿಕೊಂಡು, ಬರೋಡದ ಮಹಾರಾಜರ ತೋಟಗಳನ್ನು ನೋಡಿಕೊಂಡಿದ್ದವರು. ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಶುರುಮಾಡಬೇಕು, ಊರಿನ ಯಾವುದಾದರೊಂದು ಬೀದಿ ವರ್ಷವಿಡೀ ಹೂವಿನಲ್ಲಿರಬೇಕು ಎಂಬುದು ಅವರ ಲೆಕ್ಕಾಚಾರ. ಲೆಕ್ಕ ತಪ್ಪಲಿಲ್ಲ. ಟಬೂಬಿಯಾ, ಜಕರಂಡ, ಗುಲ್‌ಮೊಹರ್ ಎಂದು ಸಾಲುಹಿಡಿದು ನಿಂತು ಊರಿಗೆ ಬಣ್ಣ ಕಟ್ಟಿದವು. ಆದರೆ ಹೂವಿಗೆ ಸರದಿ ಗೊತ್ತುಮಾಡಿದವರು ಎಲೆಗೂ ಸರದಿ ಗೊತ್ತುಮಾಡಿದಂತೆಯೇ ಆಯಿತಲ್ಲ! ಅವರ ಹುಟ್ಟೂರಿನ ಕಡೆ ಚಳಿಗಾಲಕ್ಕೆ ಮುಂಚೆ ಎಲೆಯೆಲ್ಲ ಇಡಿಗಂಟಾಗಿ ಉದುರಿ ಲೆಕ್ಕ ಚುಕ್ತಾ ಆಗುತ್ತದೆ. ನಮ್ಮಲ್ಲಿ ಕಂತಿನ ಮೇಲೆ ಉದುರುತ್ತದೆ. ಬೀದಿಯ ಒಂದು ಮರ ಬೋಳಾಗಿದ್ದರೆ ಪಕ್ಕದ್ದು ಚಿಗುರುತ್ತಿರುತ್ತದೆ, ಅದರ ಪಕ್ಕದ್ದು ‘ನನ್ನ ಸರದಿ ಯಾವಾಗ?’ ಎಂದು ಕಾಯುತ್ತಿರುತ್ತದೆ.

ಎಂಬತ್ತರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಊರಿನಲ್ಲಿ ಹದಿನೈದು ಲಕ್ಷದಷ್ಟು ಸಸಿ ನೆಡಿಸಿದರು. ಬೆಂಗಳೂರಿಗೆ ನೆರಳು ಕೊಟ್ಟ ಪುಣ್ಯಾತ್ಮರು. ಮೇ ತಿಂಗಳಲ್ಲಿ ಅವರನ್ನು ನೆನೆಯದ ದಿನವಿಲ್ಲ. ಫೆಬ್ರವರಿಯಲ್ಲೂ ನೆನೆಯುತ್ತೇವೆ, ಧ್ವನಿ ಮಾತ್ರ ಸ್ವಲ್ಪ ಬೇರೆ.

ಎಲೆಯ ಒಡೆತನವೊಂದು ಸ್ವಾರಸ್ಯದ ವಿಷಯ. ಕೊಂಬೆಯ ಮೇಲಿರುವಾಗ ಅದು ಪಾಲಿಕೆಯ ಅರಣ್ಯ ವಿಭಾಗದ್ದು. ರಸ್ತೆಗೆ ಬಿದ್ದರೆ ಘನತ್ಯಾಜ್ಯದ್ದು. ಉರುಳಿ ಪಾರ್ಕಿಗೆ ಹೋದರೆ ತೋಟಗಾರಿಕೆಯದು. ಮೋರಿಗೆ ಇಳಿದರೆ ಎಂಜಿನಿಯರುಗಳದು. ನನ್ನ ಕಾಂಪೌಂಡಿನೊಳಗೆ ಬಿತ್ತೋ, ಪಾಪ, ಅದು ನನ್ನದು. ಇಪ್ಪತ್ತು ಅಡಿಯ ಪಯಣದಲ್ಲಿ ಒಂದು ಎಲೆ ಇಷ್ಟು ವರ್ಗಾವಣೆ ಕಾಣುತ್ತದೆ. ಯಾವ ಸರ್ಕಾರಿ ನೌಕರನಿಗೂ ಇಷ್ಟು ಬೇಗ ಆಗಿರಲಾರದು. 2025ರ ಸೆಪ್ಟೆಂಬರಿನಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಗಾಳಿಗೆ ಇನ್ನೂ ಆ ಸುತ್ತೋಲೆ ತಲುಪಿದಂತಿಲ್ಲ.

ಕಾಂಪೌಂಡಿನೊಳಗಿನ ನನ್ನ ಪಾಲನ್ನು ಚೀಲಕ್ಕೆ ತುಂಬಿ ಒಂದು ಬೆಳಿಗ್ಗೆ ಕಸದ ಆಟೋ ಹತ್ತಿರ ಒಯ್ದೆ. ‘ಏನ್ಸಾರ್ ಇದು?’ ಎಂದ ಹುಡುಗ. ‘ಒಣ ಎಲೆ. ಒಣ ಕಸ’ ಎಂದೆ ಆತ್ಮವಿಶ್ವಾಸದಿಂದ. ‘ಎಲೆ ಒಣ ಕಸ ಅಲ್ಲ ಸಾರ್’ ಎಂದ. ‘ಹಾಗಾದರೆ ಹಸಿ ಕಸಕ್ಕೆ ಹಾಕು.’ ‘ಒಣಗೈತಲ್ಲ ಸಾರ್!’ ಎಂದ. ಕೊಳೆಯುವ ಗುಣದಿಂದ ಹಸಿ, ಕಾಣುವ ರೂಪದಿಂದ ಒಣ. ಸಂಜೆಯ ಹೊತ್ತು ಹೊಸ್ತಿಲ ಮೇಲೆ ಹಿರಣ್ಯಕಶಿಪುವಿನ ಹೊಟ್ಟೆ ಬಗೆದ ನರಸಿಂಹನ ಕಥೆಯೇ ಇದು. ಒಳಗೂ ಅಲ್ಲ, ಹೊರಗೂ ಅಲ್ಲ. ಮನೆಗೆ ಬಂದು ಓದಿ ನೋಡಿದೆ. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮಗಳಲ್ಲಿ ತೋಟದ ಕಸಕ್ಕೆ ಬೇರೆಯೇ ಸಾಲಿತ್ತು. ಅದನ್ನು ಹುಟ್ಟಿಸಿದವರು ತಮ್ಮ ಆವರಣದಲ್ಲೇ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕಿತ್ತು. ನಾನು ಎಲೆ ಹುಟ್ಟಿಸಿದವನಲ್ಲ ಎಂದು ವಾದಿಸಬಹುದಿತ್ತು. ಕೇಳುವವರು ಬೇಕಲ್ಲ. ಹುಡುಗನದು ತಪ್ಪಿರಲಿಲ್ಲ.

ನಮ್ಮ ಎದುರುಮನೆಯ ರಾಯರು ಲೆಕ್ಕಪತ್ರದ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅವರದು ಬೇರೆಯೇ ಪದ್ಧತಿ. ತಮ್ಮ ಅಂಗಳದ ಎಲೆಯನ್ನು ಗುಡಿಸಿ ಗೇಟಿನ ಆಚೆಗೆ ಒಂದು ಗುಡ್ಡೆ ಮಾಡಿ, ಕೈ ತೊಳೆದುಕೊಂಡು ಸಂಧ್ಯಾವಂದನೆಗೆ ಕೂರುತ್ತಾರೆ. ಅಷ್ಟರಲ್ಲಿ ಪೂರ್ವದ ಗಾಳಿ ಆ ಗುಡ್ಡೆಯನ್ನು ನಮ್ಮ ಗೇಟಿನ ಬುಡಕ್ಕೆ ತಂದು ಒಪ್ಪಿಸುತ್ತದೆ. ಸಂಜೆ ಗಾಳಿ ತಿರುಗಿದರೆ ಅದೇ ಎಲೆ ಬಡ್ಡಿ ಸಮೇತ ಅವರಿಗೆ ವಾಪಸು. ವರ್ಷಗಳಿಂದ ನಡೆದುಬಂದ ಈ ಚಲಾವಣೆಯ ಬಗ್ಗೆ ನಾವಿಬ್ಬರೂ ಮುಖಾಮುಖಿ ಒಂದು ಮಾತೂ ಆಡಿದ್ದಿಲ್ಲ. ‘ಏನು ಎಲೆ ಸ್ವಾಮಿ ಈ ವರ್ಷ!’ ಎಂದು ಅವರು ಮರವನ್ನು ನೋಡುತ್ತಿದ್ದರು. ‘ಹೌದು ರಾಯರೇ, ಜಾಸ್ತಿಯೇ’ ಎಂದು ನಾನೂ ಮರವನ್ನೇ ನೋಡುತ್ತಿದ್ದೆ.

ಮೂಲೆಮನೆಯವರದು ಮೂರನೆಯ ದಾರಿ. ಕತ್ತಲಾದ ಮೇಲೆ ಒಂದು ಬೆಂಕಿಕಡ್ಡಿ. ಒಣ ಎಲೆಯ ಗುಡ್ಡೆ ಭಗ್ಗನೆ ಉರಿದು ಮುಗಿಯುವುದಿಲ್ಲ. ಅಡಿಯ ತೇವಕ್ಕೆ ರಾತ್ರಿಯಿಡೀ ಹೊಗೆಯಾಡುತ್ತದೆ. ಚಳಿಯ ಮುಂಜಾವಿನಲ್ಲಿ ಆ ಹೊಗೆ ಮೇಲೇರದೆ ಕಿಟಕಿಯ ಎತ್ತರಕ್ಕೇ ನಿಂತು ಬೀದಿಯವರೆಲ್ಲರ ಕೆಮ್ಮಿನ ಪರಿಚಯ ಮಾಡಿಸುತ್ತದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶ ಕೊಟ್ಟಿದೆ. ಆ ಮೊಕದ್ದಮೆಯ ಅರ್ಜಿದಾರರು ಬೆಂಗಳೂರಿನ ಹೊರವಲಯದವರೇ ಆದ ಅಲ್ಮಿತ್ರಾ ಪಟೇಲ್. ಕಸದ ವಿಷಯ ಹಿಡಿದು 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು. ಇಪ್ಪತ್ತು ವರ್ಷದ ಆ ತಾಳ್ಮೆಯ ಮುಂದೆ, ಮೂಲೆಮನೆಗೆ ಹೋಗಿ ‘ಸುಡಬೇಡಿ’ ಎನ್ನಲು ನಾನು ಇಪ್ಪತ್ತು ದಿನ ಧೈರ್ಯ ಕೂಡಿಸಿಕೊಂಡದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸುಡದೆ ಬಿಟ್ಟರೆ ಎಲೆ ಸುಮ್ಮನಿರುತ್ತದೆಯೇ? ಮಳೆಮರದ ಎಲೆಗಳಂತೂ ತೀರ ಪುಟ್ಟವು. ಪೊರಕೆಯ ಕಡ್ಡಿಗಳ ಸಂದಿಯಿಂದ ನುಸುಳಿ ನೇರ ಮೋರಿಯ ಬಾಯಿಗೆ ಹೋಗಿ ಕೂರುತ್ತವೆ. ಏಪ್ರಿಲಿನ ಮೊದಲ ಅಡ್ಡಮಳೆ ಬಂದಾಗ ಮೋರಿ ಬಾಯಿ ಬಿಡುವುದಿಲ್ಲ. ನೀರು ಮೊಣಕಾಲಿಗೆ ಬಂದು, ಚಪ್ಪಲಿಗಳು ಬೀದಿಯ ಉದ್ದಕ್ಕೂ ಜೋಡಿ ಕಳಚಿ ತೇಲುತ್ತವೆ. ಆಗ ಎಲ್ಲರೂ ಮೊಬೈಲು ಹಿಡಿದು ನೀರಿನ ಫೋಟೋ ತೆಗೆಯುತ್ತಾರೆ. ಅಕ್ಕ ಮಾತ್ರ ಒಂದು ಕೋಲು ಹಿಡಿದು ಬಗ್ಗಿ ಮೋರಿಯ ಬಾಯಿಯಿಂದ ಒಂದು ಹಿಡಿ ಎಲೆ ಎಳೆಯುತ್ತಾರೆ. ಗೊಳ್ಳೆಂದು ನೀರು ಇಳಿದುಹೋಗುತ್ತದೆ.

ಈ ಪುರಾಣವನ್ನೆಲ್ಲ ಒಂದು ಭಾನುವಾರ ಫೋನಿನಲ್ಲಿ ಆಯಿಗೆ ಹೇಳಿದೆ. ನಮ್ಮೂರು ಶಿರಸಿಯ ಕಡೆ. ಒಂದು ಚೀಲ ಎಲೆ ಒಯ್ಯಲು ಯಾರೋ ಐವತ್ತು ರೂಪಾಯಿ ಕೇಳಿದರು ಎಂದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ನಿಂಗ್ಳ ಬದಿಗೆ ದರಕು ಹೊರಗೆ ಹಾಕಲೆ ದುಡ್ಡು ಕೊಡವಾ?’ ಎಂದಳು. ಮಗ ಎಂಥ ಊರಿಗೆ ಹೋಗಿ ಸೇರಿಕೊಂಡ ಎಂಬ ಸಂಕಟ ಆ ದನಿಯಲ್ಲಿತ್ತು.

ಆಶ್ಚರ್ಯವಿಲ್ಲ. ನಮ್ಮ ಕಡೆ ಒಣಗಿದೆಲೆ ದರಕು, ದರಕೆಂದರೆ ಆಸ್ತಿ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ನೆಲ ಸರ್ಕಾರದ್ದು, ಸೊಪ್ಪು ದರಕು ತೋಟದವನದು. ಮಳೆಗಾಲಕ್ಕೆ ಮುಂಚೆ ಮತ್ತಿ, ಹೊನ್ನೆ, ನಂದಿಯ ಎಲೆಗಳನ್ನು ಗುಡಿಸಿ, ಹೆಡಿಗೆಗಳಲ್ಲಿ ತುಳಿದು ತುಂಬಿ, ತಲೆಯ ಮೇಲೆ ಹೊತ್ತು ತರಬೇಕು. ಕೊಟ್ಟಿಗೆಯಲ್ಲಿ ದನಕ್ಕೆ ಹಾಸು, ಹಾಸು ಗೊಬ್ಬರ, ಗೊಬ್ಬರ ಅಡಿಕೆಮರದ ಬುಡ. ಒಂದೆಲೆ ಹಾಳಾಗುವಂತಿಲ್ಲ. ಗಡಿಯಲ್ಲಿದ್ದ ಒಂದು ಮತ್ತಿಮರದ ದರಕು ಯಾರಿಗೆ ಸೇರಬೇಕೆಂದು ನಮ್ಮಜ್ಜನಿಗೂ ಮೇಲಿನಮನೆ ಅಜ್ಜನಿಗೂ ಎರಡು ವರ್ಷ ಮಾತು ನಿಂತಿತ್ತು. ಮದುವೆಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕುಳಿತರೂ, ‘ಅವರಿಗೆ ಸಾರು ಬೇಕಂತೆ’ ಎಂದು ಬಡಿಸುವವರ ಮೂಲಕವೇ ವ್ಯವಹಾರ. ಕೊನೆಗೆ ಊರಿನ ಹಿರಿಯರು ಸೇರಿ ಒಂದು ಗಡಿಕಲ್ಲು ನೆಡಿಸಿದ ಮೇಲೆ ಇಬ್ಬರೂ ನೇರವಾಗಿ ಸಾರು ಕೇಳಲು ಶುರುಮಾಡಿದರು.

ಆಯಿಯ ಮಾತು ಚುಚ್ಚಿತು. ಮರುದಿನವೇ ತಂತಿಬಲೆ ತಂದು, ಸೊಂಟದೆತ್ತರಕ್ಕೆ ದುಂಡಗೆ ಸುತ್ತಿ, ಹಿತ್ತಿಲ ಮೂಲೆಯಲ್ಲಿ ನಿಲ್ಲಿಸಿ ಎಲೆ ತುಂಬಿದೆ. ತಿಂಗಳಾದರೂ ಎಲೆ ಎಲೆಯಾಗಿಯೇ ಇತ್ತು. ಓದಿ ತಿಳಿದದ್ದು ಇಷ್ಟು: ಗೊಬ್ಬರವಾಗಲು ಇಂಗಾಲ ಸುಮಾರು 30 ಪಾಲಿಗೆ ಸಾರಜನಕ 1 ಪಾಲು ಬೇಕು. ಒಣ ಎಲೆಯಲ್ಲಿ ಇಂಗಾಲವೇ ವಿಪರೀತ. ಸೂಕ್ಷ್ಮಜೀವಿಗಳನ್ನು ಊಟಕ್ಕೆ ಕರೆದು ಬರೀ ಅನ್ನ ಬಡಿಸಿ ಸಾರು ಮರೆತಂತೆ. ಸಾರೆಂದರೆ ಇಲ್ಲಿ ಸಗಣಿ. ದನವೇ ಕಾಣದ ಬೀದಿಯಲ್ಲಿ ಸಗಣಿಯನ್ನು ದುಡ್ಡು ಕೊಟ್ಟು ತರಿಸಿದೆ. ಇದನ್ನು ಆಯಿಗೆ ಹೇಳಿಲ್ಲ, ನೀವೂ ಹೇಳಬೇಡಿ. ಸಗಣಿನೀರು, ಹುಳಿಮಜ್ಜಿಗೆ, ವಾರಕ್ಕೊಮ್ಮೆ ಮಗುಚುವುದು, ಹಿಂಡಿದ ಬಟ್ಟೆಯಷ್ಟು ತೇವ. ಸೊಂಟಮಟ್ಟ ತುಂಬುತ್ತಿದ್ದ ಎಲೆ ದಿನದಿನಕ್ಕೆ ಕುಸಿದು, ನಾಲ್ಕು ತಿಂಗಳಿಗೆ ಮೊಣಕಾಲಿನ ಕೆಳಗೆ ಇಳಿಯಿತು. ಜರಡಿ ಹಿಡಿದರೆ ಕಾಫಿಪುಡಿಯಂಥ ಕಪ್ಪು ಗೊಬ್ಬರ, ಮೊದಲ ಮಳೆಯ ವಾಸನೆ. ಅಕ್ಕನೂ ತಳ್ಳುಗಾಡಿಯಿಂದ ದಿನಕ್ಕೆರಡು ಚೀಲ ನಮ್ಮಲ್ಲೇ ಸುರಿಯತೊಡಗಿದರು. ‘ಅಷ್ಟು ದೂರ ತಳ್ಳೋದು ತಪ್ತು ಸಾ’ ಎಂದರು. ಗೊಬ್ಬರ ಬೇಕೇ ಎಂದರೆ, ‘ನಮ್ಮನೇಲಿ ಮಣ್ಣು ಹಾಕೋಕೆ ಜಾಗ ಎಲ್ಲೈತೆ’ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ರಾಯರ ಗಮನಕ್ಕೆ ಬಂದದ್ದು ನಮ್ಮ ದಾಸವಾಳ. ತಮ್ಮ ದಾಸವಾಳವನ್ನೂ ನಮ್ಮದನ್ನೂ ನಾಲ್ಕು ದಿನ ತಾಳೆ ನೋಡಿ, ಐದನೆಯ ದಿನ ಗೇಟಿನ ಹತ್ತಿರ ಬಂದು ನಿಂತರು. ಮರವನ್ನು ನೋಡದೆ ನನ್ನನ್ನೇ ನೋಡಿ ಮಾತಾಡಿದ್ದು ಅದೇ ಮೊದಲು. ‘ಅಲ್ಲ ಸ್ವಾಮಿ, ಆ ಹೊಂಗೆಯ ದೊಡ್ಡ ಕೊಂಬೆ ಇರೋದು ನಮ್ಮ ಕಡೆಗೆ. ಲೆಕ್ಕಕ್ಕೆ ನೋಡಿದರೆ ಅರ್ಧ ಎಲೆ ನಮ್ಮದೇ ಆಗುತ್ತೆ, ಅಲ್ಲವೇ?’ ಎಂದರು. ಲೆಕ್ಕಪತ್ರದವರ ಲೆಕ್ಕ ತಪ್ಪುವುದುಂಟೇ? ಎರಡು ಬಕೆಟ್ ಗೊಬ್ಬರ ಕೊಟ್ಟು ಕಳಿಸಿದೆ.

ಈ ವರ್ಷ ಮಾಘ ಬಂತು. ಬೆಳಿಗ್ಗೆ ಆರಕ್ಕೇ ಪೊರಕೆಯ ಸದ್ದು. ಅಕ್ಕ ಇಷ್ಟು ಬೇಗ ಬಂದರೇ ಎಂದು ಕಿಟಕಿಯಿಂದ ಇಣುಕಿದರೆ, ಮಂಕಿ ಕ್ಯಾಪು ತೊಟ್ಟ ರಾಯರು ಗೋಣಿಚೀಲ ಹಿಡಿದು ನಿಂತಿದ್ದಾರೆ. ತಮ್ಮ ಗೇಟಿನ ಮುಂದೆ ಗುಡಿಸಿ ಮುಗಿಸಿ, ರಸ್ತೆ ದಾಟಿ, ನಮ್ಮ ಗೇಟಿನ ಮುಂದಿನ ಎಲೆಗೆ ಪೊರಕೆ ಹಾಕುತ್ತಿದ್ದಾರೆ. ನನಗೆ ಎಲ್ಲಿತ್ತೋ ಆ ಸಿಟ್ಟು! ಹತ್ತು ವರ್ಷ ಯಾರಾದರೂ ಒಯ್ದರೆ ಸಾಕೆಂದು ಹಂಬಲಿಸಿದ ಎಲೆಯನ್ನು ಒಬ್ಬರು ಒಯ್ಯುತ್ತಿರುವಾಗ ಎದೆ ಧಸಕ್ಕೆಂದಿತು.

ಆಯಿಗೆ ಫೋನು ಮಾಡಿ ದೂರು ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

‘ಗಡಿಕಲ್ಲು ಹಾಕ್ಸು ತಮಾ’ ಎಂದಳು, ‘ಈಗ್ಲೇ ಹಾಕ್ಸು.’